ಹತ್ತಿರದ ಊರಿನ ಹೊಣೆ

ಪವಿತ್ರ ಬೈಬಲಿನ ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದಲ್ಲಿ ಒಂದು ಅಪರೂಪದ ನಿಯಮವಿದೆ. ಭಾನುವಾರದ ಬಲಿಪೂಜೆಯಲ್ಲಿ ಅದು ನಮ್ಮ ಕಿವಿಗೆ ಬೀಳುವುದಿಲ್ಲವಾದ್ದರಿಂದ ನಮ್ಮಲ್ಲಿ ಅನೇಕರು ಅದನ್ನು ಗಮನಿಸಿರಲಾರೆವು. ಬಯಲಿನಲ್ಲಿ ಒಬ್ಬ ಮನುಷ್ಯನ ಶವ ಬಿದ್ದಿದೆ. ಕೊಂದವರು ಯಾರೆಂದು ತಿಳಿಯದು. ಆಗ ಏನು ಮಾಡಬೇಕು? ಹಿರಿಯರೂ ನ್ಯಾಯಾಧಿಪತಿಗಳೂ ಅಲ್ಲಿಗೆ ಬಂದು, ಶವ ಬಿದ್ದಿರುವ ಸ್ಥಳದಿಂದ ಸುತ್ತಣ ಊರುಗಳಿಗೆ ಎಷ್ಟೆಷ್ಟು ದೂರವೆಂದು ಅಳೆಯಬೇಕು. ಎಲ್ಲಕ್ಕಿಂತ ಹತ್ತಿರವಿರುವ ಊರಿನ ಹಿರಿಯರು ಇನ್ನೂ ನೊಗ ಹೊರದ ಒಂದು ಕಡಸನ್ನು ಸದಾ ನೀರು ಹರಿಯುವ ಕಣಿವೆಗೆ ಕರೆದೊಯ್ದು, ಅಲ್ಲಿ ಅದರ ಕತ್ತು ಮುರಿದು, ಅದರ ಮೇಲೆ ಕೈತೊಳೆದು, ಇಡೀ ಜನತೆಗಾಗಿ ದೇವರ ಕ್ಷಮೆ ಬೇಡಬೇಕು.

ಮೊದಲ ಓದಿಗೆ ಇದು ನಮ್ಮ ನ್ಯಾಯಬುದ್ಧಿಗೆ ಒಗ್ಗುವುದಿಲ್ಲ. ಕೊಂದವನು ಎಲ್ಲೋ ತಲೆಮರೆಸಿಕೊಂಡಿದ್ದಾನೆ. ತಮ್ಮ ಪಾಡಿಗೆ ಹೊಲ ಉಳುತ್ತಾ ಮಕ್ಕಳನ್ನು ಸಾಕುತ್ತಾ ಇದ್ದ ಊರಿನವರು ಏಕೆ ಕ್ಷಮೆ ಬೇಡಬೇಕು? ಹತ್ತಿರವಿರುವುದೇ ಅಪರಾಧವೇ? ಗಮನವಿಟ್ಟು ಓದಿದರೆ, ಆ ನಿಯಮ ಹತ್ತಿರದ ಊರನ್ನು ಅಪರಾಧಿಯೆಂದು ಕರೆಯುವುದೇ ಇಲ್ಲ. ಅಪರಾಧಿ ಸಿಗಲಿಲ್ಲವೆಂಬ ನೆಪದಿಂದ ಶವವನ್ನು ದಾಟಿಕೊಂಡು ಹೋಗಲು ಮಾತ್ರ ಅದು ಯಾರಿಗೂ ಬಿಡುವುದಿಲ್ಲ. ರಕ್ತ ಚೆಲ್ಲಿದೆ, ಯಾರಾದರೊಬ್ಬರು ಅದರ ಮುಂದೆ ಬಂದು ನಿಲ್ಲಲೇಬೇಕು.

ಈ ಪುರಾತನ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ಕಳೆದ ಶತಮಾನದ ಒಂದು ನದಿಯ ದಡಕ್ಕೆ ಹೋಗೋಣ. ಅಲ್ಲಿ ಸತ್ತು ಬಿದ್ದಿದ್ದವು ಹನ್ನೊಂದು ಸಾವಿರ ಹಕ್ಕಿಗಳು. ಕೊಂದವರು ಇವರೇ ಎಂದು ಬೆರಳು ತೋರಿಸುವುದು ಅಲ್ಲಿಯೂ ಸುಲಭವಾಗಿರಲಿಲ್ಲ.

ಎರಡು ದೇಶಗಳ ನಡುವಣ ನದಿ

ಅಮೆರಿಕ ಸಂಯುಕ್ತ ಸಂಸ್ಥಾನಕ್ಕೂ ಕೆನಡಾ ದೇಶಕ್ಕೂ ಗಡಿಯಾಗಿ ಹರಿಯುವ ಡೆಟ್ರಾಯಿಟ್ ನದಿ ಅಷ್ಟೇನೂ ಉದ್ದವಾದುದಲ್ಲ. ಸೇಂಟ್ ಕ್ಲೇರ್ ಸರೋವರದಿಂದ ಈರಿ ಸರೋವರದವರೆಗೆ ಅದರ ಹರಿವು ಸುಮಾರು 51 ಕಿಲೋಮೀಟರ್ ಮಾತ್ರ. ಒಂದು ದಡದಲ್ಲಿ ಮಿಶಿಗನ್ ರಾಜ್ಯದ ಡೆಟ್ರಾಯಿಟ್ ನಗರ, ಎದುರು ದಡದಲ್ಲಿ ಕೆನಡಾದ ವಿಂಡ್ಸರ್ ನಗರ. 1701ರಲ್ಲಿ ಫ್ರೆಂಚರು ಈ ದಡದಲ್ಲಿ ಕೋಟೆ ಕಟ್ಟಿ ನೆಲೆಸಿದಾಗ, ಅದೇ ವರ್ಷ ಮರಿಯ ಮಾತೆಯ ತಾಯಿ ಸಂತ ಅನ್ನಮ್ಮನವರ ಹೆಸರಿನಲ್ಲಿ ಒಂದು ದೇವಾಲಯವನ್ನೂ ಕಟ್ಟಿಕೊಂಡರು. ಆ ಧರ್ಮಕೇಂದ್ರ ಇಂದಿಗೂ ಜೀವಂತವಾಗಿದೆ.

ಫ್ರೆಂಚರಿಗಿಂತ ಬಹಳ ಹಿಂದಿನಿಂದಲೂ ಈ ನದಿಗೆ ಬೇರೆ ಅತಿಥಿಗಳು ಬರುತ್ತಿದ್ದರು. ಉತ್ತರ ಅಮೆರಿಕದ ವಲಸೆ ಹಕ್ಕಿಗಳ ಎರಡು ಹೆದ್ದಾರಿಗಳು, ಅಟ್ಲಾಂಟಿಕ್ ಮಾರ್ಗ ಮತ್ತು ಮಿಸಿಸಿಪ್ಪಿ ಮಾರ್ಗ, ಈ ಭಾಗದ ಆಕಾಶದಲ್ಲಿ ಒಂದನ್ನೊಂದು ಕೂಡುತ್ತವೆ. ಕೆನಡಾದ ವಿಶಾಲ ಬಯಲುಗಳಲ್ಲಿ ಮರಿಮಾಡಿದ ಕಾಡುಬಾತುಗಳು ಚಳಿಗಾಲಕ್ಕೆ ಮುನ್ನ ದಕ್ಷಿಣದ ಕಡಲತೀರಗಳತ್ತ ಹೊರಟಾಗ ಇಲ್ಲಿಳಿದು ದಣಿವಾರಿಸಿಕೊಳ್ಳುತ್ತವೆ. ನೀರಿನಡಿಯಲ್ಲಿ ಪಟ್ಟಿಯಂತೆ ಉದ್ದನೆಯ ಎಲೆಗಳನ್ನು ಚಾಚಿ ಬೆಳೆಯುವ ಕಾಡು ಸೆಲರಿ ಎಂಬ ಗಿಡವೇ ಅವುಗಳಿಗೆ ಹಬ್ಬದೂಟ. ಕ್ಯಾನ್ವಾಸ್‌ಬ್ಯಾಕ್ ಎಂಬ ಬಾತು ತಳಕ್ಕೆ ಮುಳುಗಿ ಕೆಸರನ್ನು ಕೆದಕಿ ಈ ಗಿಡದ ಮೊಗ್ಗುಗಳನ್ನು ತಿನ್ನುತ್ತದೆ; ಆ ಹಕ್ಕಿಯ ವೈಜ್ಞಾನಿಕ ಹೆಸರು ಕೂಡ ಆ ಗಿಡದ ಹೆಸರಿನಿಂದಲೇ ಬಂದಿದೆ. ಹೀಗೆ ನೀರಿನಲ್ಲಿ ಮುಳುಗಿ ಮೇಯುವ ಬಾತುಗಳೇ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಇಲ್ಲಿ ತಂಗುತ್ತವೆಂದು ಅಂದಾಜು.

ಆಕಾಶದ ಕೊಕ್ಕರೆಗೂ ತನ್ನ ನಿಯಮಿತ ಕಾಲ ಗೊತ್ತು, ತನ್ನ ಜನಕ್ಕೆ ಮಾತ್ರ ದೇವರ ನ್ಯಾಯ ಗೊತ್ತಿಲ್ಲ ಎಂದು ಯೆರೆಮೀಯ ಪ್ರವಾದಿ ನೊಂದುಕೊಂಡ. ಡೆಟ್ರಾಯಿಟ್ ನದಿಯ ಹಕ್ಕಿಗಳೂ ತಮ್ಮ ಕಾಲಕ್ಕೆ ತಪ್ಪದೆ ಬಂದವು. ಆದರೆ ಅವು ಬಂದಿಳಿದ ನೀರು ಹಿಂದಿನ ನೀರಾಗಿ ಉಳಿದಿರಲಿಲ್ಲ.

1948ರ ಚಳಿಗಾಲ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಡೆಟ್ರಾಯಿಟ್ ಜಗತ್ತಿನ ಮೋಟಾರು ವಾಹನಗಳ ರಾಜಧಾನಿಯಾಯಿತು. ನದಿಯ ದಡದುದ್ದಕ್ಕೂ, ಅದನ್ನು ಸೇರುವ ರೂಜ್ ಎಂಬ ಉಪನದಿಯ ದಡದಲ್ಲೂ ಉಕ್ಕಿನ ಕುಲುಮೆಗಳು, ರಾಸಾಯನಿಕ ಕಾರ್ಖಾನೆಗಳು, ತೈಲ ಸಂಸ್ಕರಣೆಯ ಘಟಕಗಳು ಎದ್ದವು. ಎರಡನೆಯ ಮಹಾಯುದ್ಧದಲ್ಲಿ ಈ ಪ್ರದೇಶದ ಕಾರ್ಖಾನೆಗಳು ಟ್ಯಾಂಕುಗಳನ್ನೂ ವಿಮಾನಗಳನ್ನೂ ತಯಾರಿಸಿದವು. ಯುದ್ಧ ಮುಗಿಯಿತು, ಯಂತ್ರಗಳು ನಿಲ್ಲಲಿಲ್ಲ. 1946ರಿಂದ 1948ರವರೆಗೆ ಈ ಎರಡು ನದಿಗಳಿಗೆ ಸೇರಿದ ತೈಲ ಮತ್ತು ತೈಲೋತ್ಪನ್ನಗಳ ಪ್ರಮಾಣ ವರ್ಷಕ್ಕೆ 59 ಲಕ್ಷ ಗ್ಯಾಲನ್‌ಗಿಂತ ಹೆಚ್ಚು; ನಮ್ಮ ಲೆಕ್ಕದಲ್ಲಿ ಎರಡು ಕೋಟಿ ಲೀಟರಿಗೂ ಮಿಗಿಲು.

1948ರ ಚಳಿಗಾಲ ಬಹಳ ಕಠಿಣವಾಗಿತ್ತು. ಸುತ್ತಲ ನೀರೆಲ್ಲ ಹೆಪ್ಪುಗಟ್ಟಿದಾಗ ಹಕ್ಕಿಗಳಿಗೆ ಉಳಿಯುವುದು ಪ್ರವಾಹದ ವೇಗಕ್ಕೆ ಹೆಪ್ಪುಗಟ್ಟದೆ ತೆರೆದಿರುವ ನೀರಿನ ತುಣುಕುಗಳು ಮಾತ್ರ. ಸಾವಿರಾರು ಬಾತುಗಳು ಅಲ್ಲಿಗೇ ಬಂದು ನೆರೆದವು. ಕಾರ್ಖಾನೆಗಳ ಎಣ್ಣೆಯೂ ಅಲ್ಲಿಗೇ ಬಂದು ಸೇರಿತು. ಆಶ್ರಯವೆಂದು ಬಂದ ಜಾಗವೇ ಬೋನಾಯಿತು.

ಎಣ್ಣೆ ಹಕ್ಕಿಯನ್ನು ಹೇಗೆ ಕೊಲ್ಲುತ್ತದೆಂಬುದನ್ನು ನಾವು ತಿಳಿದುಕೊಳ್ಳಬೇಕು. ನೀರುಹಕ್ಕಿಯ ಗರಿಗಳ ಎಳೆಗಳು ಒಂದಕ್ಕೊಂದು ಕೊಂಡಿಹಾಕಿಕೊಂಡು ಹೊದಿಕೆಯಂತೆ ಹೆಣೆದಿರುತ್ತವೆ. ಅವುಗಳ ಕೆಳಗೆ ನಿಂತ ಗಾಳಿಯೇ ಹಕ್ಕಿಯನ್ನು ಬೆಚ್ಚಗಿಡುತ್ತದೆ, ತೇಲಿಸುತ್ತದೆ. ಎಣ್ಣೆ ಸೋಕಿದೊಡನೆ ಆ ಹೆಣಿಗೆ ಮುದುಡಿ ಬಿರುಕು ಬಿಡುತ್ತದೆ. ಹೆಪ್ಪುಗಟ್ಟುವಂಥ ತಣ್ಣೀರು ನೇರವಾಗಿ ಚರ್ಮಕ್ಕೆ ತಾಗುತ್ತದೆ. ಹಕ್ಕಿ ತನ್ನ ಮೈಯ ಕೊಬ್ಬನ್ನೆಲ್ಲ ಕರಗಿಸಿ ಬೆಚ್ಚಗಿರಲು ಹೆಣಗುತ್ತದೆ, ತೇಲಲಾರದೆ ತೊಳಲುತ್ತದೆ. ಕೊಕ್ಕಿನಿಂದ ಗರಿಗಳನ್ನು ತೀಡಿಕೊಂಡು ಶುಚಿ ಮಾಡಿಕೊಳ್ಳಲು ಹೋಗಿ ಆ ಎಣ್ಣೆಯನ್ನೇ ನುಂಗುತ್ತದೆ. ಸೃಷ್ಟಿಕರ್ತನು ಅದಕ್ಕೆ ಕೊಟ್ಟ ಶುಚಿತ್ವದ ಗುಣವೇ ಅದಕ್ಕೆ ವಿಷವಾಗುತ್ತದೆ. ಆ ಚಳಿಗಾಲದಲ್ಲಿ ಹೀಗೆ ಸತ್ತ ಬಾತು ಮತ್ತು ಹೆಬ್ಬಾತುಗಳು ಸುಮಾರು 11,000.

ಪಾಪಿಯಿಲ್ಲದ ಪಾಪ

ಈಗ ನಮ್ಮ ಪ್ರಶ್ನೆಗೆ ಬರೋಣ. ಈ ಸಾವಿಗೆ ಹೊಣೆ ಯಾರು?

ಕಾರ್ಖಾನೆಯ ಮಾಲೀಕರು ಎನ್ನೋಣವೇ? ಒಬ್ಬೊಬ್ಬ ಮಾಲೀಕನೂ ತಾನು ಬಿಟ್ಟ ಎಣ್ಣೆ ಇಷ್ಟು ದೊಡ್ಡ ನದಿಯಲ್ಲಿ ಎಷ್ಟರದು ಎಂದು ಕೇಳಬಹುದು. ಕವಾಟ ತಿರುಗಿಸಿದ ಕಾರ್ಮಿಕ ಎನ್ನೋಣವೇ? ಆತ ಮೇಲಿನವರು ಹೇಳಿದ ಕೆಲಸ ಮಾಡಿದ. ಸಂಜೆ ಆ ಕೂಲಿಯಿಂದಲೇ ಮಕ್ಕಳಿಗೆ ರೊಟ್ಟಿ ಕೊಂಡ, ಭಾನುವಾರ ಅದರಲ್ಲೇ ಒಂದಿಷ್ಟನ್ನು ಕಾಣಿಕೆಪೆಟ್ಟಿಗೆಗೆ ಹಾಕಿದ. ಸರ್ಕಾರ ಎನ್ನೋಣವೇ? ಅದಕ್ಕೆ ಉದ್ಯೋಗಗಳೂ ಬೇಕಿತ್ತು, ತೆರಿಗೆಯೂ ಬೇಕಿತ್ತು. ಕಾರು ಕೊಂಡವರು ಎನ್ನೋಣವೇ? ಅವರಲ್ಲಿ ಎಷ್ಟೋ ಮಂದಿ ಆ ನದಿಯನ್ನು ನೋಡಿಯೇ ಇರಲಿಲ್ಲ. ಹಕ್ಕಿಗಳನ್ನು ಕೊಲ್ಲಬೇಕೆಂದು ಇವರಲ್ಲಿ ಒಬ್ಬರೂ ಬಯಸಲಿಲ್ಲ. ಆದರೂ ಹಕ್ಕಿಗಳು ಸತ್ತವು.

ನಮ್ಮ ಧರ್ಮೋಪದೇಶ ಪಾಪವೆಂದರೆ ತಿಳಿದು, ಒಪ್ಪಿ ಮಾಡಿದ ತಪ್ಪು ಎಂದು ಕಲಿಸುತ್ತದೆ. ಹಾಗಾದರೆ ಯಾರೂ ಬಯಸದೆ ಎಲ್ಲರೂ ಸೇರಿ ಮಾಡಿದ ಕೇಡು ಏನು? ಬಿರುಗಾಳಿ, ಭೂಕಂಪಗಳಂತೆ ಅದೂ ಒಂದು ಅವಘಡವೇ? ಅದಕ್ಕೆ ಪಾಪನಿವೇದನೆ ಬೇಡವೇ?

ಪೋಪ್ ದ್ವಿತೀಯ ಜಾನ್ ಪಾಲರು 1984ರಲ್ಲಿ ಸಂಧಾನ ಮತ್ತು ಪ್ರಾಯಶ್ಚಿತ್ತವನ್ನು ಕುರಿತು ಬರೆದ ಪ್ರಬೋಧನೆಯಲ್ಲಿ ಈ ತೊಡಕನ್ನು ಬಿಡಿಸಲು ಯತ್ನಿಸಿದ್ದಾರೆ. ಸಾಮಾಜಿಕ ಪಾಪವೆಂಬುದು ಗಾಳಿಯಲ್ಲಿ ತೇಲುವ ವಸ್ತುವಲ್ಲ, ಅನೇಕಾನೇಕ ವೈಯಕ್ತಿಕ ಪಾಪಗಳು ಕೂಡಿ ಬೆಳೆದ ರಾಶಿ ಎಂಬುದು ಅವರ ವಾದದ ಸಾರ. ಕೇಡನ್ನು ಮಾಡಿದವರ ಜೊತೆಗೆ, ತಡೆಯಬಲ್ಲವರಾಗಿದ್ದೂ ಸೋಮಾರಿತನದಿಂದಲೋ ಭಯದಿಂದಲೋ ಸುಮ್ಮನಿದ್ದವರನ್ನೂ, ಇದನ್ನು ಬದಲಿಸಲು ಯಾರಿಂದಲೂ ಆಗದು ಎಂಬ ಮಾತಿನ ಹಿಂದೆ ಅಡಗಿಕೊಂಡವರನ್ನೂ ಅವರು ಆ ರಾಶಿಯಲ್ಲಿ ಪಾಲುದಾರರನ್ನಾಗಿ ಎಣಿಸುತ್ತಾರೆ. ಪ್ರತಿ ಬಲಿಪೂಜೆಯ ಆರಂಭದಲ್ಲಿ ನಾವು ಆಲೋಚನೆ, ಮಾತು, ಕ್ರಿಯೆಗಳ ಪಾಪಗಳೊಂದಿಗೆ ಮಾಡಬೇಕಾದುದನ್ನು ಮಾಡದೆ ಬಿಟ್ಟ ಪಾಪವನ್ನೂ ಒಪ್ಪಿಕೊಳ್ಳುತ್ತೇವಲ್ಲವೇ? ನದಿಗಳು ಸಾಯುವುದು ಹೆಚ್ಚಾಗಿ ಈ ನಾಲ್ಕನೆಯ ಪಾಪದಿಂದ.

ಶವ ಹೊತ್ತು ಹೋದವರು

ಆ ಚಳಿಗಾಲದಲ್ಲಿ ಸತ್ತ ಹಕ್ಕಿಗಳ ಪರವಾಗಿ ಎದ್ದವರು ಯಾರು? ಆ ದಡದ ಬೇಟೆಗಾರರು! ಪ್ರತಿವರ್ಷ ಬಂದೂಕು ಹಿಡಿದು ಆ ಬಾತುಗಳನ್ನೇ ಹೊಡೆಯುತ್ತಿದ್ದವರು. ಅವರು ಎಣ್ಣೆಯಲ್ಲಿ ತೊಯ್ದ ಹಕ್ಕಿಗಳ ಹೆಣಗಳನ್ನು ಆರಿಸಿ, ತಮ್ಮ ವಾಹನಗಳಲ್ಲಿ ತುಂಬಿಕೊಂಡು, ಮಿಶಿಗನ್ ರಾಜ್ಯದ ರಾಜಧಾನಿಯಾದ ಲ್ಯಾನ್ಸಿಂಗ್ ನಗರಕ್ಕೆ ಒಯ್ದು, ಶಾಸನಸಭೆಯ ಭವನದ ಆವರಣದಲ್ಲಿ ಸುರಿದರು. ವರದಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬಹುದು. ಅಂಗಳದಲ್ಲಿ ಬಿದ್ದ ಹೆಣಗಳನ್ನು ಕಾಣದವರಂತೆ ನಡೆಯುವುದು ಕಷ್ಟ. ಮರುವರ್ಷ, 1949ರಲ್ಲಿ, ಜಲಮಾಲಿನ್ಯದ ಮೇಲೆ ರಾಜ್ಯದ ಹಿಡಿತವನ್ನು ಬಲಪಡಿಸುವ ಕಾನೂನು ಬಂತು.

ಅವರ ಉದ್ದೇಶ ಪೂರ್ತಿ ನಿರ್ಮಲವಾಗಿತ್ತೇ? ಹಕ್ಕಿಗಳು ಸತ್ತರೆ ತಮ್ಮ ಬೇಟೆ ಕೆಡುತ್ತದೆಂಬ ಚಿಂತೆ ಅವರಿಗಿದ್ದಿರಬಹುದು. ಆದರೆ ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ದಾರಿಯಲ್ಲಿ ಬಿದ್ದಿದ್ದವನ ಬಳಿ ನಿಂತದ್ದು ಯಾಜಕನಲ್ಲ, ಲೇವಿಯನಲ್ಲ, ಯಾರೂ ನಿರೀಕ್ಷಿಸದ ಸಮಾರಿಯದವನು. ಡೆಟ್ರಾಯಿಟ್‌ನ ದೇವಾಲಯಗಳಲ್ಲಿ ಅಂದು ಪ್ರಾರ್ಥಿಸುತ್ತಿದ್ದ ಸಾವಿರಾರು ವಿಶ್ವಾಸಿಗಳೂ ಆ ನದಿಗೆ ಅಷ್ಟೇ ಹತ್ತಿರವಿದ್ದರು. ಬೇಟೆಗಾರರು ಮುಂಜಾವಿನಲ್ಲಿ ಆ ಜೌಗಿನಲ್ಲಿ ಕಾದು ಕುಳಿತಿರುತ್ತಿದ್ದರಾದ್ದರಿಂದ ಹಕ್ಕಿಗಳನ್ನು ನೋಡಿದರು, ಗುರುತಿಸಿದರು. ನೋಡುವುದೇ ಹೊಣೆಗಾರಿಕೆಯ ಮೊದಲ ಮೆಟ್ಟಿಲು. ಧರ್ಮೋಪದೇಶಕಾಂಡದ ಹಿರಿಯರು ಮೊದಲು ಮಾಡಬೇಕಾದ ಕೆಲಸವೂ ಅದೇ ತಾನೇ: ಊರು ಬಿಟ್ಟು ಹೊರಟು, ಶವದ ಬಳಿಗೆ ಬರುವುದು.

ಇಲ್ಲಿ ಇನ್ನೊಂದು ಮಾತನ್ನು ನೆನೆಯಬೇಕು. ಆ ಹಿರಿಯರೂ ಕೈತೊಳೆದರು, ಪಿಲಾತನೂ ಕೈತೊಳೆದ. ಹಿರಿಯರು ನಡೆದು ಬಂದು, ಅಳೆದು, ಬೆಲೆ ತೆತ್ತು, ಜನರೆಲ್ಲರ ಪರವಾಗಿ ಕ್ಷಮೆ ಬೇಡುತ್ತಾ ಕೈತೊಳೆದರು. ಪಿಲಾತನು ಕುಳಿತಲ್ಲಿಯೇ, ಇದು ನನಗೆ ಸಂಬಂಧಪಟ್ಟದ್ದಲ್ಲವೆಂದು ಕೈತೊಳೆದ. ನೀರು ಒಂದೇ, ಕೈತೊಳೆಯುವ ಕ್ರಿಯೆಯೂ ಒಂದೇ. ಎರಡರ ನಡುವಿನ ಅಂತರ ಮಾತ್ರ ನೆಲಕ್ಕೂ ಮುಗಿಲಿಗೂ ಇರುವಷ್ಟು.

ಆಶ್ರಯಧಾಮದ ಅಡಿಯಲ್ಲಿ ವಿಷ

ಒಮ್ಮೆ ಕಾನೂನು ಬಂದೊಡನೆ ನದಿ ಪಾವನವಾಗಲಿಲ್ಲ. 1960ರಲ್ಲಿ ಮತ್ತೆ ಎಣ್ಣೆಯಿಂದ ಸುಮಾರು 12,000 ಬಾತುಗಳು ಸತ್ತವು. 1969ರ ಅಕ್ಟೋಬರಿನಲ್ಲಿ ರೂಜ್ ನದಿಯ ಮೇಲಿನ ಎಣ್ಣೆಗೆ ಬೆಂಕಿ ಹತ್ತಿ ನೀರೇ ಉರಿಯಿತು. 1970ರಲ್ಲಿ ಮೀನುಗಳಲ್ಲಿ ಪಾದರಸ ಕಂಡುಬಂದು ಮೀನುಗಾರಿಕೆಯನ್ನು ನಿಲ್ಲಿಸಬೇಕಾಯಿತು. ಪಶ್ಚಾತ್ತಾಪಪಟ್ಟ ಮನುಷ್ಯನೂ ಮತ್ತೆ ಮತ್ತೆ ಎಡವುವುದನ್ನು ಪಾಪನಿವೇದನೆಯ ಪೀಠ ಬಲ್ಲದು. ಸಮಾಜದ ಕಥೆಯೂ ಬೇರೆಯಲ್ಲ.

ಇದರ ನಡುವೆ 1961ರಲ್ಲಿ ಅಮೆರಿಕದ ಸರ್ಕಾರ ಈ ನದಿಯಲ್ಲಿರುವ ಗ್ರಾಸಿ ಐಲೆಂಡ್ ಎಂಬ ಪುಟ್ಟ ದ್ವೀಪವನ್ನೂ ಸುತ್ತಲ ನೀರನ್ನೂ ವಲಸೆ ಹಕ್ಕಿಗಳ ಆಶ್ರಯಧಾಮವೆಂದು ಘೋಷಿಸಿತು. ಆ ದ್ವೀಪದ ವಿಚಾರ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಹಡಗುಗಳ ಸಂಚಾರಕ್ಕಾಗಿ ರೂಜ್ ನದಿಯ ತಳದಿಂದ ಎತ್ತಿದ ಕೆಸರನ್ನು, ಎಂದರೆ ದಶಕಗಳ ಎಣ್ಣೆ, ಭಾರಲೋಹ, ಪಿಸಿಬಿ ಎಂಬ ರಾಸಾಯನಿಕಗಳು ಇಳಿದು ಸೇರಿದ್ದ ಕೆಸರನ್ನು, ಅದೇ ದ್ವೀಪದಲ್ಲಿ ಒಡ್ಡು ಕಟ್ಟಿ ಸುರಿಯಲಾಗುತ್ತಿತ್ತು. ಆಶ್ರಯಧಾಮವೆಂಬ ಫಲಕ ನೆಟ್ಟ ಮೇಲೆಯೂ 1980ರ ದಶಕದ ಆರಂಭದವರೆಗೆ ಅದು ನಡೆಯಿತು. ಮೇಲೆ ಗಿಡಗಂಟಿ ಬೆಳೆದು ಹಸಿರಾಯಿತು, ಹಕ್ಕಿಗಳು ಬಂದು ಕುಳಿತವು. ಅಡಿಯಲ್ಲಿ ವಿಷ ಹಾಗೆಯೇ ಇತ್ತು.

ಕೆಸರಿನ ವಿಷ ಎಣ್ಣೆಯಂತೆ ಥಟ್ಟನೆ ಕೊಲ್ಲುವುದಿಲ್ಲ. ಅದು ಹುಳುವಿನಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಏರುತ್ತ ಹೋಗುತ್ತದೆ, ಏರಿದಂತೆಲ್ಲ ಗಟ್ಟಿಯಾಗುತ್ತದೆ. ಡಿಡಿಟಿಯಂಥ ಕೀಟನಾಶಕಗಳು ಮೀನು ತಿನ್ನುವ ಬಿಳಿತಲೆಯ ಹದ್ದಿನ ಮೊಟ್ಟೆಯ ಚಿಪ್ಪನ್ನು ಎಷ್ಟು ತೆಳುವಾಗಿಸಿದವೆಂದರೆ, ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಅವು ಒಡೆದುಹೋಗುತ್ತಿದ್ದವು. ಧರ್ಮೋಪದೇಶಕಾಂಡದ ಮುಂದಿನ ಅಧ್ಯಾಯದಲ್ಲಿಯೇ, ಗೂಡಿನಲ್ಲಿ ಮರಿಗಳ ಮೇಲೆ ಕುಳಿತ ತಾಯಿಹಕ್ಕಿಯನ್ನು ಹಿಡಿಯಬಾರದು, ಅದನ್ನು ಹೋಗಬಿಡಬೇಕು ಎಂಬ ಆಜ್ಞೆ ಇದೆ. ತಂದೆತಾಯಿಗಳನ್ನು ಗೌರವಿಸುವವರಿಗೆ ದೇವರು ಕೊಟ್ಟ ದೀರ್ಘಾಯುಷ್ಯದ ಭರವಸೆಯನ್ನೇ ಈ ಸಣ್ಣ ಆಜ್ಞೆಗೂ ಕೊಟ್ಟಿದ್ದಾರೆ. ಅದನ್ನು ಓದಿದವರು ಸಣ್ಣ ಜೀವಗಳ ವಿಷಯವನ್ನು ಸಣ್ಣದೆಂದು ಹೇಗೆ ತಳ್ಳಿಹಾಕಿಯಾರು?

ಒಳ್ಳೆಯ ಹೆಸರು, ಹಸಿರು ಹೊದಿಕೆ, ಅಡಿಯಲ್ಲಿ ವಿಷ. ಆ ದ್ವೀಪ ನಮ್ಮ ಆತ್ಮಗಳ ಚಿತ್ರವಾಗಿಯೂ ಕಾಣುವುದಿಲ್ಲವೇ? ಪಾಪಕ್ಕೆ ಕ್ಷಮೆ ದೊರೆತರೂ ಅದು ಮಾಡಿದ ಗಾಯ ತಾನಾಗಿ ಮಾಯುವುದಿಲ್ಲವೆಂದು ಧರ್ಮಸಭೆ ಕಲಿಸುತ್ತದೆ. ಅದಕ್ಕೇ ಪಶ್ಚಾತ್ತಾಪ ಮತ್ತು ಪಾಪನಿವೇದನೆಯ ಜೊತೆಗೆ ಪ್ರಾಯಶ್ಚಿತ್ತವನ್ನೂ ಕೇಳುತ್ತದೆ. ಜಕ್ಕಾಯನು ಪ್ರಭುವನ್ನು ಮನೆಗೆ ಬರಮಾಡಿಕೊಂಡು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟನ್ನು ಹಿಂದಿರುಗಿಸುತ್ತೇನೆಂದ.

ಪ್ರಾಯಶ್ಚಿತ್ತದ ದೀರ್ಘ ದಾರಿ

ಡೆಟ್ರಾಯಿಟ್ ನದಿಯ ಪ್ರಾಯಶ್ಚಿತ್ತ ಅರ್ಧ ಶತಮಾನಕ್ಕೂ ಮೀರಿದ್ದು. 1972ರಲ್ಲಿ ಅಮೆರಿಕದಲ್ಲಿ ಶುದ್ಧ ಜಲ ಕಾಯಿದೆ ಬಂತು. ಅದೇ ವರ್ಷ ಅಮೆರಿಕ ಮತ್ತು ಕೆನಡಾ ದೇಶಗಳು ಮಹಾಸರೋವರಗಳ ನೀರಿನ ಗುಣಮಟ್ಟ ಕಾಯುವ ಒಪ್ಪಂದ ಮಾಡಿಕೊಂಡವು. ಡಿಡಿಟಿಯ ಬಳಕೆಯೂ ಅಮೆರಿಕದಲ್ಲಿ ನಿಂತಿತು. 2001ರ ಡಿಸೆಂಬರ್ 21ರಂದು ಡೆಟ್ರಾಯಿಟ್ ನದಿ ಅಂತರರಾಷ್ಟ್ರೀಯ ವನ್ಯಜೀವಿ ಧಾಮ ಕಾನೂನಿನ ಮೂಲಕ ಸ್ಥಾಪನೆಯಾಯಿತು. ಅದಕ್ಕಾಗಿ ಶ್ರಮಿಸಿದವರಲ್ಲಿ ಮುಖ್ಯರು ಆ ಪ್ರದೇಶದ ಸಂಸದರಾಗಿದ್ದ ಜಾನ್ ಡಿಂಗೆಲ್. ಗ್ರಾಸಿ ಐಲೆಂಡ್ ಕೂಡ ತನ್ನ ವಿಷದೊಂದಿಗೆ ಈ ಧಾಮದೊಳಗೆ ಸೇರಿತು. ಈ ನದಿಯ ಅಂಚಿನ ಜೌಗುಭೂಮಿಯಲ್ಲಿ ಶೇ. 97ರಷ್ಟು ಅಷ್ಟರಲ್ಲಿ ಅಳಿದುಹೋಗಿತ್ತು. ಅಮೆರಿಕದ ಮುಖ್ಯದಡದಲ್ಲಿ ಸಹಜ ಸ್ಥಿತಿಯಲ್ಲಿ ಉಳಿದಿದ್ದ ಕೊನೆಯ ಒಂದು ಮೈಲಿ, ಹಂಬಗ್ ಜೌಗು ಎಂಬುದು, ಕಟ್ಟಡಗಳ ಪಾಲಾಗುವುದರಲ್ಲಿತ್ತು. ಸ್ಥಳೀಯರ ಹೋರಾಟದ ಫಲವಾಗಿ 2004ರಲ್ಲಿ ಧಾಮಕ್ಕೆ ಸೇರಿತು. ಅದರ ಪಕ್ಕದಲ್ಲೇ ವಾಹನಗಳ ಬ್ರೇಕು ಮತ್ತು ಬಣ್ಣ ತಯಾರಿಸುತ್ತಿದ್ದ, 1990ರಲ್ಲಿ ಮುಚ್ಚಿದ ಕಾರ್ಖಾನೆಯ ನೆಲವನ್ನು ಶುದ್ಧಗೊಳಿಸಿ, ಅಲ್ಲಿಯೇ ಧಾಮದ ಹೆಬ್ಬಾಗಿಲನ್ನು ಕಟ್ಟಿ 2020ರಲ್ಲಿ ಜನರಿಗೆ ತೆರೆಯಲಾಯಿತು.

ಜೀವಗಳು ಒಂದೊಂದಾಗಿ ಮರಳಿದವು. ಬಿಳಿತಲೆಯ ಹದ್ದುಗಳು ಮತ್ತೆ ಮರಿಮಾಡಿದವು. 2001ರಲ್ಲಿ ಸ್ಟರ್ಜನ್ ಎಂಬ ಪುರಾತನ ತಳಿಯ ಮೀನು ಉಕ್ಕಿನ ಕುಲುಮೆಗಳ ಬಳಿಯೇ ಮೊಟ್ಟೆಯಿಡುವುದನ್ನು ವಿಜ್ಞಾನಿಗಳು ಕಂಡರು. ಶತಮಾನಕ್ಕೂ ಹಿಂದೆ ಕಾಣೆಯಾಗಿದ್ದ ಬೀವರ್ ಎಂಬ ಪ್ರಾಣಿ 2008ರಲ್ಲಿ ಒಂದು ವಿದ್ಯುತ್ ಸ್ಥಾವರದ ಬಳಿ ಮನೆ ಕಟ್ಟಿಕೊಂಡಿತು.

ಈ ಕಥೆಯನ್ನು ಇಲ್ಲಿಗೇ ಮುಗಿಸಿ ದೇವರಿಗೆ ಸ್ತೋತ್ರ ಹೇಳಿಬಿಡುವುದು ಸುಲಭ. ಪ್ರಾಮಾಣಿಕವಾಗಿ ಯೋಚಿಸುವವರಿಗೆ ಒಂದು ಕಹಿಯಾದ ಪ್ರಶ್ನೆ ಉಳಿಯುತ್ತದೆ. ನದಿಯನ್ನು ಶುದ್ಧಗೊಳಿಸಿದ್ದು ನಮ್ಮ ಸದ್ಗುಣವೇ, ಇಲ್ಲವೇ ನಿರುದ್ಯೋಗವೇ? 1950ರಲ್ಲಿ ಡೆಟ್ರಾಯಿಟ್ ನಗರದ ಜನಸಂಖ್ಯೆ 18 ಲಕ್ಷ ಮೀರಿತ್ತು; 2020ರ ಜನಗಣತಿಯಲ್ಲಿ ಅದು ಸುಮಾರು 6.4 ಲಕ್ಷ. ಕಾರ್ಖಾನೆಗಳು ಮುಚ್ಚಿದವು, ಮನೆಗಳು ಪಾಳುಬಿದ್ದವು, 2013ರಲ್ಲಿ ನಗರಾಡಳಿತವೇ ದಿವಾಳಿಯಾಯಿತು. ಹೊಗೆಗೊಳವೆ ತಣ್ಣಗಾದಾಗ ನದಿ ಉಸಿರಾಡಿತು, ಎಷ್ಟೋ ಮನೆಗಳ ಒಲೆಯೂ ತಣ್ಣಗಾಯಿತು. ಮುಚ್ಚಿದ ಕಾರ್ಖಾನೆಗಳಲ್ಲಿ ಕೆಲವು ಬೇರೆ ರಾಜ್ಯಗಳಿಗೆ, ಬೇರೆ ದೇಶಗಳಿಗೆ ಹೋದುವೇ ಹೊರತು ಕಾರುಗಳ ಮೇಲಿನ ನಮ್ಮ ಆಸೆ ಎಲ್ಲಿಗೂ ಹೋಗಲಿಲ್ಲ.

ಹಾಗೆಂದು ಕಾನೂನು, ಹೋರಾಟಗಳ ಪಾತ್ರ ಚಿಕ್ಕದಲ್ಲ. ಎಣ್ಣೆಯ ಹರಿವು ಬಹುಮಟ್ಟಿಗೆ ತಗ್ಗಿದ್ದು ಕಾರ್ಖಾನೆಗಳು ಇನ್ನೂ ಭರದಿಂದ ನಡೆಯುತ್ತಿದ್ದಾಗಲೇ. ದುಡಿಮೆಯೂ ನಿರ್ಮಲ ನೀರೂ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಅದೇ ಸಾಕ್ಷಿ. ಬಡವರ ಕೂಗನ್ನೂ ಭೂಮಿಯ ಕೂಗನ್ನೂ ಬೇರೆಬೇರೆಯಾಗಿ ಕೇಳಲಾಗದೆಂದು ಪೋಪ್ ಫ್ರಾನ್ಸಿಸ್‌ರು 2015ರ ವಿಶ್ವಪತ್ರದಲ್ಲಿ ತಿಳಿಸಿದ್ದು ಇದೇ ಅರ್ಥದಲ್ಲಿ. ಕಾರ್ಮಿಕನ ರೊಟ್ಟಿಯನ್ನು ಕಿತ್ತು ಹಕ್ಕಿಗೆ ಹಾಕುವುದು ನ್ಯಾಯವಲ್ಲ. ಹಕ್ಕಿಯ ಜೀವ ತೆಗೆದು ಕಾರ್ಮಿಕನ ರೊಟ್ಟಿಯನ್ನು ಅಗ್ಗವಾಗಿಸುವುದೂ ನ್ಯಾಯವಲ್ಲ. ಆ ಅಗ್ಗದ ರೊಟ್ಟಿಯ ಬೆಲೆಯನ್ನು ಕೊನೆಗೆ ತೆತ್ತವರು ಅದೇ ದಡದ ಬಡ ಮನೆಗಳವರು. ಈ ನದಿಯ ಕೆಲವು ಮೀನುಗಳನ್ನು ಎಷ್ಟು ತಿನ್ನಬಹುದು, ಯಾರು ತಿನ್ನಬಾರದು ಎಂಬ ಎಚ್ಚರಿಕೆಗಳು ಇಂದಿಗೂ ಜಾರಿಯಲ್ಲಿವೆ. ತಾತಂದಿರು ಬಿಟ್ಟ ವಿಷವನ್ನು ಮೊಮ್ಮಕ್ಕಳು ಎತ್ತುತ್ತಿದ್ದಾರೆ.

ನಮ್ಮ ಮನೆಯಿಂದ ಎಷ್ಟು ದೂರ?

ಇದು ದೂರದೇಶದ ಕಥೆಯೆಂದು ಪುಟ ಮಗುಚಬಹುದು. ಆದರೆ ಅಳತೆಯ ಹಗ್ಗವನ್ನು ಹಿಡಿದು ನೋಡೋಣ. ಡೆಟ್ರಾಯಿಟ್ ಸುತ್ತಮುತ್ತ ವಾಹನೋದ್ಯಮದಲ್ಲಿ ದುಡಿಯುತ್ತಿರುವ ಕನ್ನಡದ ಕುಟುಂಬಗಳು ಅನೇಕ. 2002ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ' ತನ್ನ ವಿಶ್ವ ಕನ್ನಡ ಸಮ್ಮೇಳನವನ್ನು ನಡೆಸಿದ್ದು ಅದೇ ನಗರದಲ್ಲಿ. ಹಂಬಗ್ ಜೌಗು 2010ರಲ್ಲಿ ಸೇರಿದ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಪಟ್ಟಿಗೆ 2022ರಲ್ಲಿ ನಮ್ಮ ಕಾವೇರಿಯ ರಂಗನತಿಟ್ಟು ಸೇರಿದೆ, 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಸೇರಿದೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲದಲ್ಲಿ ಮಾಗಡಿ ಕೆರೆಯಲ್ಲಿ ಇಳಿಯುತ್ತವೆ. ಅಲ್ಲಿನ ಅತಿಥಿಗಳಂತೆ ಇವೂ ಯಾವ ದೇಶದ ಪ್ರಜೆಗಳಲ್ಲ, ಯಾವ ಕಚೇರಿಗೂ ಅರ್ಜಿ ಬರೆಯಲಾರವು. ನೀರು ಕೆಟ್ಟರೆ ಸಾಯುವುದಷ್ಟೇ ಅವು ಕೊಡಬಲ್ಲ ದೂರು.

ಒಂದು ಗುಬ್ಬಿ ನೆಲಕ್ಕೆ ಬಿದ್ದರೂ ಅದು ಪರಮಪಿತನ ಅರಿವಿಗೆ ಹೊರತಲ್ಲವೆಂದು ಪ್ರಭು ನಮಗೆ ಕಲಿಸಿದರು. ಹಾಗಿರುವಾಗ ನಾವು ಬೀಳಿಸಿದ ಹಕ್ಕಿಗಳ ಲೆಕ್ಕವೂ ಆ ತಂದೆಯಲ್ಲಿ ಇದೆ. ಅದನ್ನು ನೆನೆದು ನಾವು ನಡುಗಬೇಕು. ನಡುಗಿ ಅಲ್ಲಿಗೇ ನಿಲ್ಲಬಾರದು. ಸಂಜೆಯ ಜಪಸರದ ಬಳಿಕ ಮನೆಯವರೆಲ್ಲ ಕೂತು ಕೇಳಿಕೊಳ್ಳಬಹುದಾದ ಪ್ರಶ್ನೆಗಳು ದೊಡ್ಡವೇನಲ್ಲ. ನಮ್ಮ ಮನೆಗೆ ಅತ್ಯಂತ ಹತ್ತಿರದ ಕೆರೆ, ಹಳ್ಳ, ಹೊಳೆ ಯಾವುದು? ನಮ್ಮ ಬಚ್ಚಲಿನ ನೀರು ಎಲ್ಲಿಗೆ ಹೋಗಿ ಸೇರುತ್ತದೆ? ಸ್ಕೂಟರಿನಿಂದ ಬದಲಾಯಿಸಿದ ಹಳೆಯ ಎಣ್ಣೆಯನ್ನು ಗ್ಯಾರೇಜಿನವರು ಎಲ್ಲಿ ಸುರಿದರೆಂದು ನಾವು ಎಂದಾದರೂ ಕೇಳಿದ್ದೇವೆಯೇ? ನಮ್ಮ ಮಗನೋ ಮಗಳೋ ದುಡಿಯುವ ಕಾರ್ಖಾನೆಯ ಹಿಂಬದಿಯ ಕಾಲುವೆಯಲ್ಲಿ ಹರಿಯುವುದೇನು? ಅದನ್ನು ಕಂಡರೆ ಬಾಯಿ ತೆರೆಯುವ ಧೈರ್ಯವನ್ನು ನಾವು ಅವರಿಗೆ ಕಲಿಸಿದ್ದೇವೆಯೇ, ಸುಮ್ಮನಿರುವ ಜಾಣತನವನ್ನೇ?

ಪಾಪಿಯಿಲ್ಲದ ಪಾಪವುಂಟೇ ಎಂಬ ಪ್ರಶ್ನೆಗೆ ಧರ್ಮೋಪದೇಶಕಾಂಡ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿದೆ. ಪಾಪಿ ಸಿಗದಿರಬಹುದು, ಆದರೂ ಹತ್ತಿರದ ಊರೊಂದು ಯಾವಾಗಲೂ ಇದ್ದೇ ಇರುತ್ತದೆ. ಕಲುಷಿತ ನದಿಯ ಮುಂದೆ ನಾವು ಕೇಳಬೇಕಾದ ಮೊದಲ ಪ್ರಶ್ನೆ ತಪ್ಪು ಯಾರದೆಂದಲ್ಲ, ಹತ್ತಿರ ಇರುವವರು ಯಾರೆಂದು. ತಪ್ಪಿನ ವಿಚಾರಣೆಯನ್ನು ನ್ಯಾಯಾಲಯ ನಡೆಸಲಿ, ನಡೆಸಲೇಬೇಕು. ಆ ತೀರ್ಪು ಬರುವವರೆಗೆ ಶವವನ್ನು ಬಯಲಿನಲ್ಲಿ ಬಿಟ್ಟಿರಲಾಗದು.

ಆ ಹಿರಿಯರು ಹೋಗಿ ನಿಲ್ಲುತ್ತಿದ್ದುದು ಸದಾ ನೀರು ಹರಿಯುವ ಕಣಿವೆಯಲ್ಲಿ. ಉತ್ತು ಬಿತ್ತದ, ಯಾರೂ ಕೆಡಿಸದ ಜಾಗದಲ್ಲಿ. ಕ್ಷಮೆ ಬೇಡಲು ಶುದ್ಧವಾದ ಹರಿಯುವ ನೀರು ಬೇಕಿತ್ತು. ನಮ್ಮ ಮಕ್ಕಳು ನಮ್ಮ ತಪ್ಪುಗಳಿಗಾಗಿ ಕ್ಷಮೆ ಬೇಡಲು ಹೊರಟ ದಿನ, ಕೈತೊಳೆಯಲು ಅವರಿಗೆ ಅಂಥದೊಂದು ಹೊಳೆಯನ್ನಾದರೂ ಉಳಿಸಿಹೋಗುವ ಕೃಪೆಯನ್ನು ಸೃಷ್ಟಿಕರ್ತನಾದ ದೇವರು ನಮಗೆ ದಯಪಾಲಿಸಲಿ.